ಸೊನ್ನೆ ನಿಮಿಷದ ಊಟ

ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ಸಾಲಿದೆ: "ಊಟವು ಸೊನ್ನೆ ನಿಮಿಷಕ್ಕೆ ಆರಂಭವಾಗುತ್ತದೆ ಎಂದು ಭಾವಿಸೋಣ." ಗಣಿತದಲ್ಲಿ ಇಂಥ ಮಾತಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಎಲ್ಲಿಂದಾದರೂ ಎಣಿಕೆ ಶುರುವಾಗಲೇಬೇಕಲ್ಲ. ನಾನದನ್ನು ಬರೆದದ್ದು ಹುಬ್ಬಳ್ಳಿಯ ಅಂಚಿನ ಉಣಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು. ಒಳಗೆ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದರು. ಆ ಸಪ್ಪಳ ನಿಂತು ವರ್ಷದ ಮೇಲಾಯಿತು. ಸಾಲು ಹಾಗೇ ಇದೆ. ಓದಿದಾಗಲೆಲ್ಲ ಆ ಸೊನ್ನೆಯ ಮೇಲೆ ನನಗೆ ಸಿಟ್ಟು ಬರುತ್ತದೆ.

ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು. ವೈನಿ ಮದುವೆಯಾಗಿ ಬಂದಾಗ ನಾನಿನ್ನೂ ಕನ್ನಡ ಸಾಲೆಯ ಹುಡುಗಿ. ತಲೆ ಬಾಚಲು ಬಂದವರ ಬಾಚಣಿಗೆ ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದೆ. ವೈನಿ ನನ್ನನ್ನು ಎರಡೂ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಬೈಯುತ್ತ, ನಗುತ್ತ ಎರಡು ಜಡೆ ಹಾಕಿ ಕಳಿಸುತ್ತಿದ್ದರು. ಮುಂದೆ ನಾನು ಲಗ್ನ ಬೇಡ, ಓದುತ್ತೇನೆ ಎಂದು ಹಟ ಹಿಡಿದಾಗ ಅವ್ವ ನನ್ನ ಜೊತೆ ಮಾತು ಬಿಟ್ಟಳು. ವೈನಿಯೇ ನಡುವೆ ಬಂದರು. "ಓದಲಿ ಬಿಡ್ರಿ ಅತ್ತಿ. ಲೆಕ್ಕದ ಕೂಡ ಸಂಸಾರ ಮಾಡ್ಲಿ. ಅದು ಈಕಿ ಬಾಯಿಗೆ ಎದುರುತ್ತರಾ ಕೊಡೂದಿಲ್ಲ" ಎಂದರು. ಅವ್ವನಿಗೂ ನಗು ತಡೆಯಲಾಗಲಿಲ್ಲ. ಹಾಗೆ ನಾನು ಓದಿ, ಧಾರವಾಡದ ಕಾಲೇಜೊಂದರಲ್ಲಿ ಗಣಿತ ಕಲಿಸುವವಳಾದೆ.

ವೈನಿಗೆ ಸಕ್ಕರೆ ಕಾಯಿಲೆ ಬಂದದ್ದು ಅವರ ಮಗಳು ಇನ್ನೂ ಚಿಕ್ಕವಳಿದ್ದಾಗ. ಗುಳಿಗೆಗೆ ಬಗ್ಗಲಿಲ್ಲ, ಇನ್ಸುಲಿನ್‌ಗೆ ಬಂದು ನಿಂತಿತು. ಊಟಕ್ಕೊಂದು ಸೂಜಿ. ಒಲೆಯ ಮೇಲೆ ಹಾಲಿಟ್ಟು ಕೋಣೆಗೆ ಹೋದರೆ, ಅದು ಉಕ್ಕುವುದರೊಳಗೆ ಹೊಟ್ಟೆಗೆ ಚುಚ್ಚಿಕೊಂಡು, ಸೆರಗು ಸರಿ ಮಾಡಿಕೊಂಡು ಮರಳಿ ಬಂದುಬಿಡುತ್ತಿದ್ದರು. ನೋವಿನ ಬಗ್ಗೆ ಕೇಳಿದರೆ "ಇರಿವಿ ಕಡದಂಗ ಅಕ್ಕೈತಿ" ಎನ್ನುತ್ತಿದ್ದರು.

ಸಂಶೋಧನೆಗೆ ವಿಷಯ ಹುಡುಕುವ ಕಾಲ ಬಂದಾಗ ನಾನು ಬೇರೆ ಕಡೆ ನೋಡಲೇ ಇಲ್ಲ. ಉಂಡ ಮೇಲೆ ರಕ್ತದಲ್ಲಿ ಸಕ್ಕರೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುವುದು. ಹಿಡಿದರೆ ವೈನಿಗೆ ಯಾವ ಊಟದಿಂದ ಏನಾಗುತ್ತದೆ ಎಂದು ಮೊದಲೇ ತಿಳಿಯುತ್ತದೆ, ಅವರು ನಮ್ಮ ಜೊತೆ ಬಹಳ ವರ್ಷ ಇರುತ್ತಾರೆ. ಪ್ರಬಂಧದ ಪೀಠಿಕೆಯಲ್ಲಿ ದೇಶ, ಸಮಾಜ, ಆರೋಗ್ಯ ಎಂದೆಲ್ಲ ದೊಡ್ಡ ಕಾರಣ ಕೊಟ್ಟಿದ್ದೇನೆ. ನಿಜವಾದ ಕಾರಣ ಇಷ್ಟೇ.

ಮಾದರಿ ಅಂಥ ಕಠಿಣದ್ದೇನಲ್ಲ. ಒಂದು ಸಮೀಕರಣ ಸಕ್ಕರೆಗೆ, ಒಂದು ಇನ್ಸುಲಿನ್‌ಗೆ, ಇನ್ನೊಂದು ಹೊಟ್ಟೆಯಲ್ಲಿ ಕರಗುತ್ತಿರುವ ಊಟಕ್ಕೆ. ಹೊಟ್ಟೆಯಿಂದ ಸಕ್ಕರೆ ರಕ್ತಕ್ಕೆ ಬರುತ್ತದೆ, ಇನ್ಸುಲಿನ್ ಅದನ್ನು ರಕ್ತದಿಂದ ಹೊರಗೆ ಕಳಿಸುತ್ತದೆ. ಎಷ್ಟು ಬೇಗ ಬರುತ್ತದೆ, ಎಷ್ಟು ಬೇಗ ಹೋಗುತ್ತದೆ ಎಂದು ತಿಳಿಸುವ ಕೆಲವು ಸಂಖ್ಯೆಗಳಿರುತ್ತವೆ. ಅವು ಒಬ್ಬೊಬ್ಬರಿಗೆ ಒಂದೊಂದು ಥರ. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುವಾಗ ವೈನಿ ಹಿಟ್ಟು ನಾದುತ್ತ ಕೇಳಿಸಿಕೊಂಡರು.

"ಅಂದ್ರ ಊಟಾ ಅಂದ್ರ ನಳಾ ಬಂದಂಗ. ಸೂಜಿ ಅಂದ್ರ ನೀರಿನ ಟಾಕಿ ಕೆಳಗಿನ ತೂತು ತಗದಂಗ. ಹೌದಿಲ್ಲೋ?"

"ಹೌದ್ರಿ ವೈನಿ. ಬರೋಬ್ಬರಿ."

"ಇಷ್ಟು ಹೇಳಿದ್ದಕ್ಕ ನಿನಗ ಡಾಕ್ಟರ್ ಪದವಿ ಕೊಡ್ತಾರಂದ್ರ, ನಮ್ಮ ಓಣಿಗೆ ನೀರು ಬಿಡಾಂವಗೂ ಒಂದು ಕೊಡಸು."

ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಮನೆಮಂದಿಯೆಲ್ಲ ಕೊಡ ಹಿಡಿದು ಓಡುತ್ತಾರೆ. ಹಾಗಾಗಿ ವೈನಿಯ ಆ ಹೋಲಿಕೆ ಅವ್ವನಿಗೂ ಅರ್ಥವಾಯಿತು, ಮಾರ್ಕೆಟ್ಟಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಅಣ್ಣನಿಗೂ ಅರ್ಥವಾಯಿತು. ನನ್ನ ಸಮೀಕರಣಗಳಿಗೆ ಅಂಥ ಭಾಗ್ಯ ಕಾಲೇಜಿನಲ್ಲೂ ಸಿಗಲಿಲ್ಲ.

ವೈನಿಯ ತೋಳಿನ ಹಿಂಬದಿಗೆ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಅಂಟಿಸಿದೆವು. ಎರಡು ವಾರ ಅದು ಅವರ ಸಕ್ಕರೆಯನ್ನು ಬಿಡದೆ ಅಳೆಯಿತು, ನನ್ನ ಫೋನಿನಲ್ಲಿ ಗೆರೆಯಾಗಿ ಮೂಡಿಸಿತು. ನಾನು ಅಡುಗೆಮನೆಗೆ ತಕ್ಕಡಿ ತಂದಿಟ್ಟೆ. ರೊಟ್ಟಿ ತೂಗಿದೆ, ಪುಂಡಿಪಲ್ಯ ತೂಗಿದೆ, ಅವರು ಅನ್ನಕ್ಕೆ ಕಲಸಿಕೊಳ್ಳುವ ಮಜ್ಜಿಗೆಯನ್ನೂ ಅಳೆದೆ. "ನನ್ನೂ ಒಮ್ಮೆ ತೂಗಿಬಿಡು, ನಿಮ್ಮಣ್ಣಗ ಲುಕ್ಸಾನೋ ಲಾಭೋ ಗೊತ್ತಾಗಲಿ" ಎಂದು ವೈನಿ ಕಾಡಿಸುತ್ತಿದ್ದರು. ಬಿಲ್ಲೆ ಕಾಣಬಾರದೆಂದು ತೋಳು ಉದ್ದದ ಕುಪ್ಪಸ ಹಾಕಿಕೊಂಡು ಓಡಾಡಿದರು.

ಗೆರೆ ಮಾತ್ರ ನನ್ನ ಮಾತು ಕೇಳಲಿಲ್ಲ. ಸೂಜಿ ತೆಗೆದುಕೊಂಡ ಹೊತ್ತೇ ಊಟದ ಹೊತ್ತು ಎಂದು ಹಿಡಿದಿದ್ದ ನನ್ನ ಮಾದರಿಯ ಪ್ರಕಾರ ಊಟ ಶುರುವಾದ ಮೇಲೆ ಸಕ್ಕರೆ ಏರಬೇಕು. ವೈನಿಯ ಸಕ್ಕರೆ ಪ್ರತಿ ಮಧ್ಯಾಹ್ನ ಮೊದಲು ಇಳಿಯುತ್ತಿತ್ತು. ಹೆದರಿಕೆ ಹುಟ್ಟುವಷ್ಟು ಇಳಿದು, ಆಮೇಲೆ ಒಮ್ಮೆಲೇ ಏರುತ್ತಿತ್ತು. ನಾನು ಬಿಲ್ಲೆಯ ಮೇಲೆ ಸಂಶಯಪಟ್ಟೆ, ಲೆಕ್ಕದ ಮೇಲೆ ಸಂಶಯಪಟ್ಟೆ. ನನ್ನ ಮಾರ್ಗದರ್ಶಕರು "ಜೋಳ ನಿಧಾನಕ್ಕೆ ಕರಗುತ್ತದಲ್ಲ, ಒಂದು ವಿಳಂಬ ಸೇರಿಸಿ ನೋಡಿ" ಎಂದರು. ಊಟ ಸೊನ್ನೆ ನಿಮಿಷಕ್ಕೇ ಇರಲಿ, ಅದು ಹೊಟ್ಟೆಗೆ ಹತ್ತುವುದು ಸ್ವಲ್ಪ ತಡವಾಗಿ ಎಂದು ಸೇರಿಸಿದೆ. ಲೆಕ್ಕದ ಗೆರೆ ವೈನಿಯ ಗೆರೆಯ ಮೇಲೆ ಅಚ್ಚುಕಟ್ಟಾಗಿ ಕೂತಿತು. ಆ ಸಂಜೆ ಖುಷಿಗೆ ಬಸ್ಸಿಳಿದು ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಬಂದೆ.

ತಪ್ಪು ಗೊತ್ತಾದದ್ದು ಒಂದು ರವಿವಾರ. ಅಣ್ಣ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೂತ. ವೈನಿ ಅವನ ತಾಟು ಇಟ್ಟರು, ಪಲ್ಯ ಬಡಿಸಿದರು, ಕೋಣೆಗೆ ಹೋಗಿ ಸೂಜಿ ತೆಗೆದುಕೊಂಡರು, ಮರಳಿ ಬಂದು ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದರು. ನಮ್ಮ ಮನೆಯಲ್ಲಿ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬೀಳಬೇಕು. ಅಣ್ಣ ಒಂದು ಮುಗಿಸುವುದರೊಳಗೆ ಇನ್ನೊಂದು ಉಬ್ಬಿರಬೇಕು. ಆಮೇಲೆ ಅವ್ವ ಕೂತಳು. ಅವಳಿಗೆ ಹಲ್ಲಿಲ್ಲ, ರೊಟ್ಟಿ ತೆಳ್ಳಗೆ, ಮೆತ್ತಗೆ ಇರಬೇಕು. ಆಮೇಲೆ ನಾನು. ಆಮೇಲೆ ಅಣ್ಣನಿಗೆ ಇನ್ನೊಂದು ಬೇಕೆನಿಸಿತು. "ಬಿಸಿದಿದ್ರ ಅರ್ಧಾ ಹಾಕು" ಎಂದ. ವೈನಿ ಅರ್ಧಕ್ಕೋಸ್ಕರ ಇಡೀ ರೊಟ್ಟಿ ಬಡಿದರು. ಆಗ ನೋಡಿದೆ, ಅವರ ಮೂಗಿನ ಮೇಲೆ ಬೆವರ ಹನಿ. ಒಲೆಯ ಝಳಕ್ಕೆ ಎಂದು ಅಷ್ಟು ವರ್ಷ ನಾವೆಲ್ಲ ತಿಳಿದುಕೊಂಡಿದ್ದ ಬೆವರು. ಸಕ್ಕರೆ ಕುಸಿದರೂ ಮೈ ಹಾಗೇ ಬೆವರುತ್ತದೆ.

"ವೈನಿ, ಸೂಜಿ ಯಾವಾಗ ತಗೊಂಡ್ರಿ?"

"ಆಗಲೇ ತಗೊಂಡೆನಲ್ಲ. ಡಾಕ್ಟರು ಊಟದ ಹೊತ್ತಿಗೆ ತಗೋರಿ ಅಂದಾರ. ತಾಟು ಹಾಕಿದ ಕೂಡ್ಲೇ ತಗೋತೇನಿ. ಒಂದಿನಾ ತಪ್ಪಿಸಿಲ್ಲ ನೋಡು."

"ಯಾರ ತಾಟು ಹಾಕಿದ ಕೂಡ್ಲೇರಿ?"

ವೈನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ನಿಮ್ಮಣ್ಣಂದು. ಮತ್ತ್ಯಾರದು?"

ನನ್ನ ಮಾದರಿಯಲ್ಲಿ ನಿಧಾನವಾಗಿದ್ದದ್ದು ಜೋಳವಲ್ಲ. ವೈನಿ ಇನ್ನೂ ಉಂಡೇ ಇರಲಿಲ್ಲ. ಟಾಕಿಯ ತೂತು ತೆಗೆದಿಟ್ಟು, ನಳ ಬರಲಿ ಎಂದು ದಿನಾ ಕಾಯುತ್ತ, ನಮಗೆ ಬಿಸಿ ರೊಟ್ಟಿ ಹಾಕುತ್ತಿದ್ದರು.

ನಾನು ಅಂದು ಮನೆ ತಲೆ ಮೇಲೆ ಹೊತ್ತುಕೊಂಡೆ. ಕೈಯಲ್ಲಿದ್ದ ರೊಟ್ಟಿ ತಾಟಿಗೆ ಒಗೆದು, "ನಾಳಿಂದ ಮೊದಲ ವೈನಿ ಉಣಬೇಕು. ಇಲ್ಲಂದ್ರ ಈ ಮನ್ಯಾಗ ಒಲಿ ಹೊತ್ತೂದಿಲ್ಲ" ಎಂದು ಕೂಗಾಡಿದೆ. ಅಣ್ಣ ಕೆಟ್ಟವನಲ್ಲ. ಅವನ ಮುಖ ಬಾಡಿತು. "ನನಗ ಯಾರೂ ಹೇಳಿಲ್ಲಲ್ಲ. ನೀ ಮೊದಲ ಉಣ್ಣ, ನಾ ಬ್ಯಾಡ ಅನ್ನೂದಿಲ್ಲ" ಎಂದು ಹೆಂಡತಿಯ ಕಡೆ ನೋಡಿದ. ಅವ್ವ ಕೂಡ "ಉಣ್ಣ ನನ ತಾಯಿ, ಯಾರು ಏನಂತಾರ" ಎಂದಳು.

ಮರುದಿನ ವೈನಿ ಮೊದಲು ಕೂತರು. ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಕದ್ದು ತಿನ್ನುವವರ ಹಾಗೆ ಗಡಿಬಿಡಿಯಲ್ಲಿ ಉಂಡರು. ಬಾಗಿಲಲ್ಲಿ ಅಣ್ಣನ ಹೆಜ್ಜೆ ಕೇಳಿದರೆ ತಾಟು ಸರಿಸಿ ಏಳುತ್ತಿದ್ದರು. "ಗಂಟಲದಾಗ ಇಳೀವಲ್ದು ತಂಗಿ. ಮನ್ಯಾಗಿನ ಮಂದಿ ಹಸದು ಕುಂತಾರ, ನಾ ಇಲ್ಲಿ ಮೆಲ್ಲಾಕತ್ತೇನಿ" ಎಂದರು. ಕೊನೆಗೆ ಒಂದು ರಾಜಿಯಾಯಿತು. ಉಣ್ಣುವುದು ಅವರಿಗೆ ಬೇಕಾದಾಗ ಉಣ್ಣಲಿ, ಆದರೆ ಸೂಜಿ ತಮ್ಮ ತಾಟಿನ ಮುಂದೆ ಕೂತ ಮೇಲೆಯೇ. ಅದಕ್ಕೆ ವೈನಿ ಒಪ್ಪಿದರು. ನಾನು ದಿನಾ ಮಧ್ಯಾಹ್ನ ಕಾಲೇಜಿನಿಂದ ಫೋನು ಮಾಡಿ ಕೇಳುತ್ತಿದ್ದೆ. "ಊಟಾ ಆತೇನ್ರಿ?" ಅತ್ತ ಕಡೆಯಿಂದ ತಪ್ಪದೆ ಅದೇ ಉತ್ತರ. "ನಂದಾತು."

ನಂದಾತು. ನಮ್ಮ ಕಡೆಯ ಹೆಣ್ಣುಮಕ್ಕಳು ಈ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಾರೆಂದರೆ ಅದು ನಿಜವೋ ಸುಳ್ಳೋ ಎಂದು ಅವರೇ ಯೋಚಿಸಿರುವುದಿಲ್ಲ. ಪಲ್ಯ ಕಡಿಮೆ ಬಿದ್ದರೆ ನಂದಾತು. ಹೊತ್ತಿಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ನಂದಾತು. ಎದುರಿಗಿದ್ದವರು ಸಂಕೋಚವಿಲ್ಲದೆ ಉಣ್ಣಲಿ ಎಂದು ಆಡುವ ಮಾತು ಅದು. ಅವ್ವ ಜೀವಮಾನವಿಡೀ ಆಡಿದ್ದಾಳೆ. ನಾನೂ ಆಡಿದ್ದೇನೆ.

ಆಮೇಲಿನ ಕೆಲವು ತಿಂಗಳು ಎಲ್ಲವೂ ಛಲೋ ಇತ್ತು. ಆಸ್ಪತ್ರೆಯ ತಪಾಸಣೆಯಲ್ಲೂ ಸಕ್ಕರೆ ಹಿಡಿತಕ್ಕೆ ಬಂದಿದೆ ಎಂದರು. ಅಷ್ಟರಲ್ಲಿ ಲಗ್ನವಾಗಿ ಗದಗಿನ ಕಡೆ ಹೋಗಿದ್ದ ಅಣ್ಣನ ಮಗಳು ಬಸುರಿಯಾದಳು. ಏಳನೆಯ ತಿಂಗಳ ಕುಬಸ, ಅಂದರೆ ಸೀಮಂತ, ತವರಿನಲ್ಲಿ ಆಗಬೇಕು. ಹಸಿರು ಸೀರೆ, ಹಸಿರು ಬಳೆ, ಆರತಿ, ಬೀಗರಿಗೆ ಹೋಳಿಗೆ ಊಟ. ವೈನಿ ಹದಿನಾರರ ಹುಡುಗಿಯ ಹಾಗೆ ಓಡಾಡಿದರು. ಬಾಣಂತನಕ್ಕೆ ಬೇಕೆಂದು ಅಂಟಿನುಂಡೆಯ ಸಾಮಾನು ಕೂಡ ಆಗಲೇ ತರಿಸಿಟ್ಟಿದ್ದರು. "ಡಾಕ್ಟರನ್ನ ಕೇಳೇನಿ ತಂಗಿ. ಆವತ್ತೊಂದಿನ ಒಂದು ಹೋಳಿಗಿ ತಿನ್ರಿ, ಅದಕ್ಕ ತಕ್ಕಂಗ ಸೂಜಿ ಸ್ವಲ್ಪ ಹೆಚ್ಚು ತಗೋರಿ ಅಂದಾರ" ಎಂದು ನನಗೆ ಹೇಳುವಾಗ ಅವರ ಮುಖ ಅರಳಿತ್ತು. ಎಷ್ಟೋ ವರ್ಷದಿಂದ ಹೋಳಿಗೆ ಮಾಡಿದ್ದರು, ತಿಂದಿರಲಿಲ್ಲ.

ಆ ದಿನ ಬೀಗರು ಗದಗಿನ ಕಡೆಯಿಂದ ಬರಬೇಕಿತ್ತು. ಬೆಳಿಗ್ಗೆ ವೈನಿಯ ಹೊಟ್ಟೆಗೆ ಬಿದ್ದದ್ದು ಒಂದು ಕಪ್ ಚಹಾ, ಒಂದು ಹಿಡಿ ಚುರುಮುರಿ. ಬೀಗರ ಗಾಡಿ ಊರು ಮುಟ್ಟಿತು ಎಂದು ಫೋನು ಬಂತು. ಪಡಸಾಲೆಯಲ್ಲಿ ಎಲೆ ಹಾಕಲು ಶುರು ಮಾಡಿದರು. ಸೂಜಿ ಇದ್ದದ್ದು ಒಳಕೋಣೆಯಲ್ಲಿ. ಇನ್ನು ಸ್ವಲ್ಪ ಹೊತ್ತಿಗೆ ಅಲ್ಲಿ ಹುಡುಗಿಗೆ ಸೀರೆ ಉಡಿಸಲು ಹೆಂಗಸರು ತುಂಬಿಕೊಳ್ಳುತ್ತಾರೆ, ಆಮೇಲೆ ಅಷ್ಟು ಜನರೆದುರು ಹೊಟ್ಟೆಗೆ ಚುಚ್ಚಿಕೊಳ್ಳುವುದು ಹೇಗೆ? ಕೋಣೆ ಖಾಲಿ ಇದ್ದಾಗಲೇ ವೈನಿ ಹೋಗಿ ಸೂಜಿ ತೆಗೆದುಕೊಂಡರು, ಹೋಳಿಗೆಗೆಂದು ಸ್ವಲ್ಪ ಹೆಚ್ಚಿಗೆ. ಎಲೆ ಹಾಕಿಯಾಗಿತ್ತಲ್ಲ. ಇದನ್ನು ಆಮೇಲೆ ಹೇಳಿದವಳು ಅಣ್ಣನ ಮಗಳು. ಅವಳೊಬ್ಬಳೇ ನೋಡಿದ್ದಳು.

ಬೀಗರು ಬಂದರು. ಆದರೆ ಅವರ ಇನ್ನೊಂದು ಗಾಡಿ ಹಿಂದೆ ಉಳಿದಿತ್ತು, ಹಿರಿಯರು ಅದರಲ್ಲಿದ್ದರು. "ಬಂದ್ರು, ಬಂದ್ರು" ಎನ್ನುತ್ತ ಹೊತ್ತು ಹೋಯಿತು. ಅವರು ಬಂದ ಮೇಲೆ ಆರತಿ, ಉಡಿ ತುಂಬುವುದು, ಫೋಟೋ. ಆಮೇಲೆ ಬೀಗರ ಪಂಕ್ತಿ. ಹುಡುಗಿಯ ತಾಯಿ ಬೀಗರಿಗಿಂತ ಮೊದಲು ಉಣ್ಣುವುದು ಎಲ್ಲಿಯಾದರೂ ಉಂಟೇ? ನಾನು ಹೋಳಿಗೆ ಬಡಿಸುತ್ತಿದ್ದೆ. ವೈನಿ ಬಾಗಿಲ ಚೌಕಟ್ಟು ಹಿಡಿದು ನಿಂತು, ಯಾರ ಎಲೆಗೆ ಏನು ಬೇಕು ಎಂದು ನೋಡುತ್ತಿದ್ದರು.

"ವೈನಿ, ನಿಮ್ಮದು ಊಟಾ?"

"ನಂದಾತು. ನೀ ಬೀಗರಿಗೆ ತುಪ್ಪಾ ಬಡಸು."

ಬೀಗಿತ್ತಿ ನಮ್ಮನ್ನೇ ನೋಡುತ್ತಿದ್ದರು. ಅವರೆದುರು ವೈನಿ ಬೇರೇನು ಹೇಳಿಯಾರು? ನಾನು ತುಪ್ಪ ಬಡಿಸಿದೆ.

ಪಂಕ್ತಿ ಎದ್ದ ಮೇಲೆ ಯಾರೋ ವೈನಿ ಎಲ್ಲಿ ಎಂದು ಕೇಳಿದರು. ಅಣ್ಣ ಕಾಳಿನ ಚೀಲ ಇಡುವ ಹಿಂದಿನ ಖೋಲಿಯಲ್ಲಿ, ಚೀಲಗಳಿಗೆ ಒರಗಿ ವೈನಿ ಮಲಗಿದ್ದರು. ನಸುಕಿನಿಂದ ದುಡಿದ ಜೀವ, ಮಲಗಲಿ ಎಂದರು ಎಲ್ಲರೂ. ಅವ್ವ ಹೋಗಿ ನೋಡಿ, ಮೈ ತಣ್ಣಗಿದೆ ಎಂದು ಮೇಲೊಂದು ಕೌದಿ ಹೊದಿಸಿ, ಬಾಗಿಲು ಮುಂದೆ ಮಾಡಿ ಬಂದಳು. ಸೊಸೆಯ ನಿದ್ದೆ ಕೆಡಬಾರದೆಂದು ಮಕ್ಕಳನ್ನು ಆ ಕಡೆ ಬಿಡದೆ ಬಾಗಿಲ ಹೊರಗೆ ಕಾವಲು ಕೂತಳು.

ಮನೆಯವರ ಪಂಕ್ತಿಗೆ ಕರೆಯಲು ನಾನು ಹೋದೆ. ಕೌದಿ ಬೆವರಿಗೆ ಒದ್ದೆಯಾಗಿತ್ತು. ಕರೆದೆ, ಅಲುಗಾಡಿಸಿದೆ, ಕೆನ್ನೆ ತಟ್ಟಿದೆ. ಸಕ್ಕರೆ ತಂದು ತುಟಿಯೊಳಗೆ ಒರೆಸಿದೆ. ಬೀಗರ ಗಾಡಿಯಲ್ಲೇ ಹಾಕಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಓಡಿದೆವು. ನರಕ್ಕೆ ಸೂಜಿ ಚುಚ್ಚಿ ಸಕ್ಕರೆಯ ನೀರು ಏರಿಸಿದರು. ಬೆರಳು ಚುಚ್ಚಿ ಯಂತ್ರಕ್ಕೆ ಹಿಡಿದರು. ಸಂಖ್ಯೆ ಏರಿತು, ಮತ್ತೆ ಏರಿತು, ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಬಂದು ನಿಂತಿತು. ನನ್ನ ಯಾವ ಸಮೀಕರಣವೂ ಅಷ್ಟು ಚೆಂದದ ಗೆರೆ ಬರೆದಿರಲಿಲ್ಲ. ಸಂಖ್ಯೆ ಸರಿಯಾಯಿತು, ವೈನಿ ಕಣ್ಣು ಬಿಡಲಿಲ್ಲ. ಮೆದುಳಿಗೆ ಬಹಳ ಹೊತ್ತು ಸಕ್ಕರೆ ಸಿಕ್ಕಿಲ್ಲ, ಅದು ರಕ್ತದ ಹಾಗಲ್ಲ, ತುಂಬಿಸಿದರೆ ಮರಳಿ ಬರುವುದಿಲ್ಲ ಎಂದು ಡಾಕ್ಟರು ಅಣ್ಣನಿಗೆ ತಿಳಿಸಿ ಹೇಳಿದರು. ಅಣ್ಣ ಎಲ್ಲ ಕೇಳಿಸಿಕೊಂಡು, "ಆಕಿ ಏನೂ ಉಂಡಿಲ್ರಿ. ಎದ್ದ ಮ್ಯಾಲೆ ಏನು ಕೊಡೂನ್ರಿ?" ಎಂದು ಕೇಳಿದ.

ಒಂದು ವಾರ ತುಂಬುವುದರೊಳಗೆ ವೈನಿ ಹೋದರು. ಯಾವ ಹೋಳಿಗೆಗೆಂದು ಸೂಜಿ ಹೆಚ್ಚು ತೆಗೆದುಕೊಂಡಿದ್ದರೋ ಆ ಹೋಳಿಗೆ ಅವರು ತಿನ್ನಲೇ ಇಲ್ಲ.

ಪ್ರಬಂಧ ಮುಗಿಸುವುದಿಲ್ಲ ಎಂದುಕೊಂಡಿದ್ದೆ. ಮುಗಿಸಿದೆ, ಏಕೆಂದರೆ ಆ ಸಂಖ್ಯೆಗಳಲ್ಲಿ ವೈನಿ ಇನ್ನೂ ಇದ್ದರು. ಅವರ ಮೈ ಎಷ್ಟು ಬೇಗ ಸಕ್ಕರೆ ಹೀರುತ್ತಿತ್ತು, ಅವರ ಹೊಟ್ಟೆಯಲ್ಲಿ ರೊಟ್ಟಿ ಎಷ್ಟು ಹೊತ್ತಿಗೆ ಕರಗುತ್ತಿತ್ತು ಎಂಬುದು ನನಗೊಬ್ಬಳಿಗೇ ಗೊತ್ತು. ಕಂಪ್ಯೂಟರಿಗೆ ಎರಡು ರೊಟ್ಟಿ, ಪಲ್ಯ ಎಂದು ಕೊಟ್ಟರೆ ಅದು ಇವತ್ತೂ ವೈನಿಯ ಪರವಾಗಿ ಉಂಡು ಅರಗಿಸುತ್ತದೆ. ಒಮ್ಮೆ ಹೋಳಿಗೆ ಕೊಟ್ಟು ನೋಡಿದೆ. ಗೆರೆ ಮೆಲ್ಲಗೆ ಏರಿ, ಮೆಲ್ಲಗೆ ಇಳಿದು, ಸಮವಾಯಿತು. ಏನೂ ಆಗುತ್ತಿರಲಿಲ್ಲ. ಉಂಡಿದ್ದರೆ ಏನೂ ಆಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೇ ಅತ್ತೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದಿದ್ದರು. ಒಳ್ಳೆಯವರು, ಪ್ರತಿ ಪುಟ ಓದಿಕೊಂಡು ಬಂದಿದ್ದರು.

"ಸೂಜಿಗೂ ಸಕ್ಕರೆ ಏರುವುದಕ್ಕೂ ನಡುವೆ ಒಂದು ವಿಳಂಬ ಇಟ್ಟಿದ್ದೀರಿ. ಇದಕ್ಕೆ ದೇಹಕ್ರಿಯೆಯ ಆಧಾರವೇನು? ಜಠರದ ನಿಧಾನವೇ?"

"ಅಲ್ಲ ಸರ್. ಆ ಹೊತ್ತಿನಾಗ ಅವರು ನಮಗ ರೊಟ್ಟಿ ಬಡೀತಿದ್ರು."

ಅವರು ಪುಟ ತಿರುವಿದರು.

ಮನೆಯಲ್ಲಿ ಈಗ ಹಂಚು ಒಲೆ ಏರುವುದಿಲ್ಲ. ವೈನಿಯ ಕೈಯ ಬಿಸಿ ರೊಟ್ಟಿ ಬಿಟ್ಟು ಬೇರೇನೂ ಗೊತ್ತಿಲ್ಲದ ಅಣ್ಣ ಒಂದು ದಿನ ತಾನೇ ಹೋಗಿ ಖಡಕ್ ರೊಟ್ಟಿಯ ಕಟ್ಟು ತಂದ. ನಮ್ಮ ಓಣಿಯ ತಿರುವಿನಲ್ಲೇ ಹೆಣ್ಣುಮಕ್ಕಳು ರೊಟ್ಟಿ ಮಾಡಿ ಒಣಗಿಸಿ ಮಾರುವ ಅಂಗಡಿಯಿದೆ. ಕಟ್ಟು ಬಿಚ್ಚುತ್ತ ನನ್ನನ್ನು ಕೇಳಿದ.

"ಈ ಅಂಗಡಿ ಯಾವಾಗ ಆತು?"

"ಮೊದಲಿಂದನೂ ಐತಿ."

ಅವನು ಎಲ್ಲರ ತಾಟಿಗೂ ತಾನೇ ರೊಟ್ಟಿ ಹಾಕಿದ. ಅವ್ವ ತನ್ನದನ್ನು ಸಾರಿನಲ್ಲಿ ನೆನೆಯಿಟ್ಟಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಣ್ಣನ ಮಗಳೂ ಕೂತಳು. ಯಾರೂ ಯಾರಿಗೂ ಕಾಯಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಈಗ ಎಲ್ಲರ ಊಟವೂ ಸೊನ್ನೆ ನಿಮಿಷಕ್ಕೇ ಶುರುವಾಗುತ್ತದೆ.